ಲಕ್ಷಣಕುಮಾರನನ್ನು ಕಳಿಸಿದವರು ಯಾರು

ಹೋದ ವರ್ಷ ಆಗಸ್ಟಿನಲ್ಲಿ ಪಿಯುಸಿ ಮಕ್ಕಳಿಗೆ ರನ್ನನ ಗದಾಯುದ್ಧದ ಒಂದು ಭಾಗ ಪಾಠ ಮಾಡುತ್ತಿದ್ದೆ. ಊಟವಾದ ಮೇಲಿನ ಪೀರಿಯಡ್ಡು, ಅರ್ಧ ಕ್ಲಾಸು ತೂಕಡಿಸುತ್ತಿತ್ತು. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಾನೆ. ಮೊದಲು ದ್ರೋಣ ಸಿಗುತ್ತಾರೆ, ಆಮೇಲೆ ಅಭಿಮನ್ಯು, ಆಮೇಲೆ ಅವನದೇ ಮಗ ಲಕ್ಷಣಕುಮಾರ. ಮಗನ ಹೆಣದ ಮುಂದೆ ನಿಂತು ಅವನು ಆಡುವ ಮಾತು ಕನ್ನಡದಲ್ಲಿ ಯಾವ ಅಪ್ಪನೂ ಆಡಬಾರದ ಮಾತು. ಅಪ್ಪನಿಗೆ ಮಗ ತರ್ಪಣ ಬಿಡಬೇಕು, ಅದು ಕ್ರಮ. ನಿನಗೆ ನಾನು ಬಿಡುವ ಹಾಗೆ ಮಾಡಿದೆಯಲ್ಲ ಮಗನೇ, ಕ್ರಮವನ್ನೇ ತಿರುಗಿಸಿಬಿಟ್ಟೆಯಲ್ಲ ಎನ್ನುತ್ತಾನೆ. ಅಲ್ಲಿಂದ ಮುಂದೆ ದುಶ್ಶಾಸನ. ಅವನ ಹತ್ತಿರವೂ ಇದೇ ದೂರು. ಅಮ್ಮನ ಮೊಲೆಹಾಲು ನಾನು ಕುಡಿದ ಮೇಲೆ ನೀನು ಕುಡಿದೆ, ಎಲ್ಲದರಲ್ಲೂ ನಾನು ಮುಂದೆ ನೀನು ಹಿಂದೆ. ಸಾವಿನಲ್ಲಿ ಮಾತ್ರ ಯಾಕಪ್ಪಾ ಮುಂದೆ ಹೋದೆ?

ಎರಡನೇ ಬೆಂಚಿನ ಹುಡುಗಿ ಕೈ ಎತ್ತಿದಳು. ಕ್ಲಾಸಿನಲ್ಲಿ ಹೆಚ್ಚು ಮಾತಾಡುವವಳಲ್ಲ. "ಮೇಡಂ, ಲಕ್ಷಣಕುಮಾರ ತಾನಾಗೇ ಯುದ್ಧಕ್ಕೆ ಹೋಗಿದ್ದಾ, ಇಲ್ಲಾ ಅವರಪ್ಪ ಕಳಿಸಿದ್ದಾ?"

ನಾಳೆ ಹೇಳ್ತೀನಿ ಅಂದೆ. ಮಾರನೇ ದಿನವೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿಮೂರನೇ ದಿನ ಚಕ್ರವ್ಯೂಹದೊಳಗೆ ಅಭಿಮನ್ಯುವಿನ ಕೈಯಲ್ಲಿ ಸತ್ತ ಎನ್ನುವುದು ಗೊತ್ತು. ಹನ್ನೆರಡನೇ ದಿನದ ರಾತ್ರಿ ಆ ಅಪ್ಪ ಮಗನ ನಡುವೆ ಏನು ಮಾತಾಯಿತು, ಆಯಿತೋ ಇಲ್ಲವೋ, ಗೊತ್ತಿಲ್ಲ. ರಣರಂಗವನ್ನು ಕವಿಗಳು ಬಾಣ ಬಾಣವಾಗಿ ಬಣ್ಣಿಸಿದ್ದಾರೆ. ಹೊರಡುವ ಹಿಂದಿನ ರಾತ್ರಿ ಮಾತ್ರ ಬಹಳ ಕಡೆ ಖಾಲಿ. ಯುದ್ಧದ ಕಥೆ ಕೈಗೆ ಬಂದಾಗಲೆಲ್ಲ ನಾನು ಹುಡುಕುವುದು ಆ ರಾತ್ರಿಯನ್ನೇ. ಯಾಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ವಿಷಯ ಹೇಳಬೇಕು.

ನಮ್ಮೂರು ಚಿಂತಾಮಣಿ ಹತ್ತಿರ. ಈಗ ಚಿಕ್ಕಬಳ್ಳಾಪುರ ಜಿಲ್ಲೆ. 2007ಕ್ಕೆ ಮುಂಚೆ ಎಲ್ಲವೂ ಕೋಲಾರವೇ. ಎರಡೂವರೆ ಎಕರೆ ಜಮೀನು, ಅರ್ಧ ಹಿಪ್ಪುನೇರಳೆ, ಅರ್ಧ ರಾಗಿ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಇದು, ಕೆರೆ ಒಣಗಿದ ಮೇಲೆ ಬೋರ್‌ವೆಲ್ಲೇ ಗತಿ. 1996ರಲ್ಲಿ ಅಪ್ಪ ಸಾಲ ಮಾಡಿ ಬೋರು ಕೊರೆಸಿದರು. ಆರುನೂರು ಅಡಿ ಇಳಿದರೂ ಬಂದಿದ್ದು ಬಿಳೀ ಧೂಳು. ಆ ಧೂಳು ಮೂರು ದಿನ ನಮ್ಮ ಹುಣಸೆಮರದ ಎಲೆಗಳ ಮೇಲೆ ಕೂತಿತ್ತು, ನನಗಿನ್ನೂ ನೆನಪಿದೆ. ಅದೇ ವರ್ಷ ಅಣ್ಣ ಮಿಲಿಟರಿಗೆ ಸೇರಿದ. ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೈನ್ಯದ ಎಂಜಿನಿಯರ್ ದಳದಲ್ಲಿ, ತರಬೇತಿ ಆಯಿತು. ಟಿಸಿಎಚ್ ಮಾಡಿ ಮೇಷ್ಟ್ರಾಗಬೇಕು ಎಂದಿದ್ದವನು, ಸೀಟು ಸಿಗಲಿಲ್ಲವಂತೆ, ಅದಕ್ಕೇ ಹೋದ. ಅಮ್ಮನಿಗೂ ನನಗೂ ಗೊತ್ತಿದ್ದದ್ದು ಇಷ್ಟೇ.

1999ರ ಮೇ ತಿಂಗಳಲ್ಲಿ ಕಾರ್ಗಿಲ್ ಶುರುವಾಯಿತು. ನನಗೆ ಹದಿನಾಲ್ಕು. ಅಣ್ಣನ ಕಾಗದಗಳ ಮೇಲೆ ವಿಳಾಸ ಅಂದರೆ ಯೂನಿಟ್ ಹೆಸರು, ಕೆಳಗೆ 56 ಎಪಿಒ ಎಂಬ ಸೈನ್ಯದ ಅಂಚೆಯ ನಂಬರು, ಅಷ್ಟೇ. ಹಿಮಾಲಯದ ತುದಿಯಿಂದ ಬಂದರೂ ಮರಳುಗಾಡಿನಿಂದ ಬಂದರೂ ಅದೇ ನಂಬರು. ಅಮ್ಮನಿಗೆ ಓದು ಬರಹ ಬಾರದು. ಆದರೆ ಆ ಎರಡು ಅಂಕಿಗಳ ಆಕಾರ ಗೊತ್ತಿತ್ತು. ಐದರ ಹೊಟ್ಟೆ, ಆರರ ಬಾಲ. ಅದರ ಮೇಲೆ ಬೆರಳಿಟ್ಟು "ಇದು ಯಾವೂರು?" ಎಂದು ಕೇಳುತ್ತಿದ್ದಳು. ಊರಲ್ಲಮ್ಮ, ನಂಬರು ಎಂದರೆ ಒಪ್ಪುತ್ತಿರಲಿಲ್ಲ.

ಜೂನ್ ತಿಂಗಳ ನಡುವೆ. ತೋಲೋಲಿಂಗ್ ಬೆಟ್ಟ ವಾಪಸ್ ಬಂತು ಎಂದು ರೇಡಿಯೋ ಹೇಳಿದ ವಾರವೇ ಇರಬೇಕು. ತ್ರಿವರ್ಣ ಸುತ್ತಿದ ಪೆಟ್ಟಿಗೆಗಳು ಊರೂರಿಗೆ ಬರುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದ ದಿನಗಳು. ನಮ್ಮ ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಎದ್ದು ವಾರವಾಗಿತ್ತು. ರೇಷ್ಮೆ ಸಾಕಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಮನೆಗೆ ಮನೆಯೇ ಹುಳದ ಚಾಕರಿ ಮಾಡಬೇಕು. ರಾತ್ರಿಯೆಲ್ಲಾ ಸೊಪ್ಪು ತಿನ್ನುವ ಸದ್ದು, ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದ ಹಾಗೆ. ಹಣ್ಣಾದ ಹುಳ ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಅದನ್ನು ಒಂದೊಂದೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅಮ್ಮ ಆ ಕೆಲಸದಲ್ಲಿದ್ದಳು. ಅಣ್ಣನ ಜೊತೆ ಪಿಯುಸಿ ಓದಿದ ಹುಡುಗನೊಬ್ಬ ಅಣ್ಣನ ಸಮಾಚಾರ ಕೇಳಲು ಬಂದ. ಆಗಷ್ಟೇ ಪಕ್ಕದ ಹೋಬಳಿಯ ಶಾಲೆಗೆ ಮೇಷ್ಟ್ರಾಗಿದ್ದ. ಬಾಗಿಲಲ್ಲಿ ನಿಂತೇ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಅವನಿಗೂ ನನ್ ಜೊತೇಲೇ ಸೀಟ್ ಬಂದಿತ್ತಲ್ಲಮ್ಮಾ. ಸೇರಿದ್ದಿದ್ರೆ ಇಷ್ಟೊತ್ತಿಗೆ ಇಲ್ಲೇ ಎಲ್ಲಾದ್ರೂ ಇರ್ತಿದ್ದ."

ಅಮ್ಮನ ಅಂಗೈಯಲ್ಲಿ ನಾಲ್ಕೈದು ಹುಳ ಇದ್ದವು. ಅವನ್ನು ಚಂದ್ರಿಕೆಗೆ ಬಿಟ್ಟಳು. ಕೈ ತೊಳೆದಳು. ಹುಡುಗನಿಗೆ ಕಾಫಿ ಮಾಡಿಕೊಟ್ಟಳು. ಅವನು ಹೋದ ಮೇಲೆ ಅಪ್ಪನ ಮುಂದೆ ಬಂದು ನಿಂತು, "ಕಾಗದ ಬಂದಿತ್ತಾ?" ಎಂದು ಕೇಳಿದಳು. ಅಪ್ಪ ತಲೆಯೆತ್ತಲಿಲ್ಲ. ಸೊಪ್ಪು ಕತ್ತರಿಸುತ್ತಲೇ ಇದ್ದರು. "ಬೋರಿನ ಸಾಲ ಇತ್ತು" ಅಂದರು.

ಅಷ್ಟೇ. ಕೂಗಾಟ ಇಲ್ಲ, ಅಳು ಇಲ್ಲ. ಆ ದಿನದಿಂದ ಅಮ್ಮ ಅಪ್ಪನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. ಮುದ್ದೆ ಬಡಿಸುತ್ತಿದ್ದಳು, ಬಟ್ಟೆ ಒಗೆದಿಡುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಯಿಸುತ್ತಿದ್ದಳು. ಮಾತು ಮಾತ್ರ ನನ್ನ ಮೂಲಕ. "ನಿಮ್ಮಪ್ಪನಿಗೆ ಹೇಳು." "ನಿಮ್ಮಪ್ಪನನ್ನು ಕೇಳು." 2009ರಲ್ಲಿ ಅಪ್ಪ ಹೋಗುವ ತನಕ, ಹತ್ತು ವರ್ಷ. ಇನ್ನೊಂದು ಮಾತು ಹೇಳಲೇಬೇಕು. ಅಣ್ಣ ಕಾರ್ಗಿಲ್‌ಗೆ ಹೋಗಿರಲೇ ಇಲ್ಲ. ಆ ಬೇಸಿಗೆಯೆಲ್ಲ ಅವನಿದ್ದದ್ದು ರಾಜಸ್ಥಾನದ ಗಡಿಯಲ್ಲಿ, ರಜೆ ರದ್ದಾಗಿತ್ತು ಅಷ್ಟೇ, ಒಂದು ಗುಂಡೂ ಅವನ ಕಡೆ ಬರಲಿಲ್ಲ. ಸಾವಿರಾರು ಮೈಲಿ ದೂರದ, ನಮ್ಮ ಮನೆಯ ಮಗ ಕಾಲಿಡದ ಆ ಯುದ್ಧ ನಮ್ಮ ಅಡುಗೆಮನೆಗೆ ಬಂದು ಕೂತು ಹತ್ತು ವರ್ಷ ಏಳಲಿಲ್ಲ.

ಕಾದಂಬರಿಗಳನ್ನು ಓದಲು ಶುರುಮಾಡಿದ ಮೇಲೆ ಮೆಲ್ಲಮೆಲ್ಲಗೆ ನನಗೆ ಹೊಳೆದದ್ದು ಇದು. ಸಂಸಾರಗಳನ್ನು ಒಡೆಯುವುದು ಯುದ್ಧ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮನೆಯಲ್ಲಿ ಯಾರೋ ಯಾವತ್ತೋ ಮುಚ್ಚಿಟ್ಟಿದ್ದನ್ನು ಯುದ್ಧ ಹೊರಗೆಳೆಯುತ್ತದೆ, ಅದೂ ಸರಿಪಡಿಸುವ ಹೊತ್ತು ಮೀರಿದ ಮೇಲೆ. ಕರ್ಣನ ಕಥೆಯಲ್ಲಿ ಇರುವುದು ಇದೇ ತಾನೇ? ಕುಂತಿ ಗಂಗೆಯಲ್ಲಿ ತೇಲಿಬಿಟ್ಟ ಮಗುವಿನ ವಿಷಯ ಯಾರಿಗೂ ಹೇಳದೆ ಒಂದು ಆಯುಷ್ಯ ಕಳೆದಳು. ಸುಖದ ದಿನಗಳಲ್ಲಿ ಹೇಳಬಹುದಿತ್ತು, ರಂಗಸ್ಥಳದಲ್ಲಿ ಅವನ ಕುಲ ಕೇಳಿದ ದಿನವೇ ಹೇಳಬಹುದಿತ್ತು. ಅವಳ ಬಾಯಿ ಬಿಡಿಸಲು ಹದಿನೆಂಟು ಅಕ್ಷೋಹಿಣಿ ಸೈನ್ಯ ಎದುರುಬದುರು ನಿಲ್ಲಬೇಕಾಯಿತು. ಅಷ್ಟೊತ್ತಿಗೆ ಕರ್ಣನಿಗೆ ಆರಿಸಿಕೊಳ್ಳಲು ಏನು ಉಳಿದಿತ್ತು? ಹೆತ್ತವಳ ಕಡೆ ಹೋದರೆ ಅನ್ನ ಹಾಕಿದವನಿಗೆ ದ್ರೋಹ, ಅನ್ನದ ಕಡೆ ನಿಂತರೆ ಒಡಹುಟ್ಟಿದವರ ಮೇಲೆ ಬಾಣ. ನಮ್ಮ ಸೀಮೆಯ ಪೌರಾಣಿಕ ನಾಟಕಗಳಲ್ಲಿ ಕರ್ಣ ಕುಂತಿಯರ ಭೇಟಿಯ ದೃಶ್ಯ ಬಂದಾಗ ನಿದ್ದೆಗೆ ಜಾರಿದ ಹೆಂಗಸರೆಲ್ಲ ಎದ್ದು ಕೂರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಎಷ್ಟು ಎಳೆದರೂ ಅಲ್ಲಿ ಯಾರೂ ಬೇಸರಪಡುವುದಿಲ್ಲ.

ಕರ್ಣ ಕೃಷ್ಣನಿಗೆ ಹೇಳುವ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಈ ವಿಷಯ ಧರ್ಮರಾಯನಿಗೆ ತಿಳಿಸಬೇಡ ಎನ್ನುತ್ತಾನೆ. ತಿಳಿದರೆ ಅವನು ರಾಜ್ಯವನ್ನು ನನಗೆ ಬಿಟ್ಟುಕೊಡುತ್ತಾನೆ, ನಾನದನ್ನು ದುರ್ಯೋಧನನಿಗೆ ಕೊಡಬೇಕಾಗುತ್ತದೆ. ಅಂದರೆ ಗುಟ್ಟನ್ನು ಬಚ್ಚಿಟ್ಟವಳು ಕುಂತಿ ಒಬ್ಬಳೇ ಅಲ್ಲ. ಗೊತ್ತಾದ ಮೇಲೆ ಕರ್ಣನೂ ಬಚ್ಚಿಟ್ಟ. ಯುದ್ಧ ಮುಗಿದು ತರ್ಪಣ ಬಿಡುವ ಹೊತ್ತಿಗೆ, ಅವನಿಗೂ ನೀರು ಬಿಡಪ್ಪಾ, ಅವನು ನಿಮ್ಮಣ್ಣ ಎಂದು ಕುಂತಿ ಹೇಳಿದಾಗ ಧರ್ಮರಾಯನ ಸಿಟ್ಟೆಲ್ಲ ತಾಯಿಯ ಮೇಲೆ. ಇನ್ನು ಮುಂದೆ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದೆ ಹೋಗಲಿ ಎಂದು ಶಾಪ ಕೊಡುತ್ತಾನೆ. ಸತ್ತ ಅಣ್ಣನನ್ನು ಬಯ್ಯಲಾಗದು, ಕೃಷ್ಣನನ್ನು ಬಯ್ಯಲಾಗದು. ಮನೆಯಲ್ಲಿ ಕೈಗೆ ಸಿಗುವವರು ಒಬ್ಬರು ಇರುತ್ತಾರಲ್ಲ, ಅವರ ಮೇಲೆ ಬೀಳುತ್ತದೆ ಎಲ್ಲ.

ನಾವು ಕೈವಾರದ ಹತ್ತಿರದವರು. ನಮ್ಮ ಕಡೆ ಕೈವಾರವೇ ಏಕಚಕ್ರಪುರ. ಭೀಮ ಬಕಾಸುರನನ್ನು ಕೊಂದು ಅಲ್ಲಿಯ ಬೆಟ್ಟಕ್ಕೆ ತುರುಕಿದ ಎಂದು ನಂಬಿಕೆ; ಊರಿನಲ್ಲಿ ಭೀಮಲಿಂಗೇಶ್ವರನ ಗುಡಿ ಇದೆ. ಅಜ್ಜಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಈ ಕಥೆ ಹೇಳುವಾಗ ಬಂಡಿ ಅನ್ನ ತಿನ್ನುವ ಭೀಮನ ಭಾಗಕ್ಕೆ ನಾವು ನಗುತ್ತಿದ್ದೆವು. ದೊಡ್ಡವಳಾಗಿ ಭಾರತ ಓದಿದಾಗ ಆ ಬ್ರಾಹ್ಮಣನ ಮನೆಯೊಳಗಿನ ಮಾತುಗಳು ಕಣ್ಣಿಗೆ ಬಿದ್ದವು. ಈ ಸಲ ರಾಕ್ಷಸನಿಗೆ ನಮ್ಮ ಮನೆಯ ಸರದಿ. ನಾನು ಹೋಗುತ್ತೇನೆ ಎನ್ನುತ್ತಾನೆ ಅಪ್ಪ. ನೀವಿದ್ದರೆ ಮಕ್ಕಳು ಉಳಿಯುತ್ತವೆ, ನಾನು ಹೋಗುತ್ತೇನೆ ಎನ್ನುತ್ತಾಳೆ ತಾಯಿ. ಹೇಗಿದ್ದರೂ ನಾನು ಕೊಟ್ಟು ಕಳಿಸಬೇಕಾದವಳು, ಈಗಲೇ ಬಿಟ್ಟುಬಿಡಿ ಎನ್ನುತ್ತಾಳೆ ಮಗಳು. ಅವಳ ಮಾತು ಓದುವಾಗ ಇವತ್ತಿಗೂ ಹೊಟ್ಟೆ ಹಿಂಡುತ್ತದೆ. ಆಗ ತೊದಲು ಮಾತಿನ ಗಂಡುಮಗು ಒಂದು ಹುಲ್ಲುಕಡ್ಡಿ ಹಿಡಿದುಕೊಂಡು ಬಂದು, ಇದರಲ್ಲೇ ಹೊಡೆದುಹಾಕ್ತೀನಿ ಅವನನ್ನ ಎನ್ನುತ್ತದೆ. ಅಷ್ಟು ಅಳುವಿನ ನಡುವೆಯೂ ಎಲ್ಲರ ಮುಖದಲ್ಲಿ ನಗು. ಈ ಮನೆ ಉಳಿಯಿತು. ಭೀಮನ ತೋಳ್ಬಲದಿಂದ ಉಳಿಯಿತು ಎಂದು ಹೇಳಿದರೆ ಅರ್ಧ ಕಥೆ. ಅವರು ನಾಲ್ಕು ಜನವೂ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಗಟ್ಟಿಯಾಗಿ ಆಡಿಕೊಂಡರು, ಪಕ್ಕದ ಕೋಣೆಯಲ್ಲಿದ್ದ ಕುಂತಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಬಾಗಿಲು ತಟ್ಟಿ ಒಳಗೆ ಬಂದವಳು, ನನಗೆ ಐವರು ಮಕ್ಕಳಿದ್ದಾರೆ, ಒಬ್ಬ ಹೋಗುತ್ತಾನೆ ಎಂದಳು. ಐವರು ಎಂದಳು. ಆರು ಎನ್ನಲಿಲ್ಲ.

1996ರಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಮಾತಾಡಿದ್ದರೆ ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಸಾಲ ಇದೆ, ಸೀಟೂ ಬಂದಿದೆ, ಏನು ಮಾಡೋಣ ಎಂದು ಅಪ್ಪ ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದ್ದರೆ. ಅಮ್ಮ ತಾಳಿ ಅಡವಿಟ್ಟಾದರೂ ಓದಿಸುತ್ತಿದ್ದಳೋ, ಅಣ್ಣನೇ ಬೇಡ ಎನ್ನುತ್ತಿದ್ದನೋ. ಹೊರಡುವುದಂತೂ ಎಲ್ಲರಿಗೂ ಗೊತ್ತಿದ್ದು ಹೊರಟ ಹಾಗಾಗುತ್ತಿತ್ತು.

ಮಾಸ್ತಿಯವರು ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನವರು. 1983ರ ಜ್ಞಾನಪೀಠ ಅವರಿಗೆ ಬಂದದ್ದು ಚಿಕವೀರ ರಾಜೇಂದ್ರ ಕಾದಂಬರಿಗೆ. 1834ರಲ್ಲಿ ಕಂಪನಿ ಸರ್ಕಾರ ಕೊಡಗಿನ ಕೊನೆಯ ದೊರೆಯನ್ನು ಇಳಿಸಿದ ಕಥೆ ಅದು. ಅದನ್ನು ಚರಿತ್ರೆಯ ಕಾದಂಬರಿ ಎಂದೇ ಎಲ್ಲರೂ ಓದುತ್ತಾರೆ. ನಾನು ಓದಿದ್ದು ಒಂದು ಮನೆಯ ಜಗಳ ಎಂದು. ತಂಗಿ ಗಂಡನ ಜೊತೆ ತಪ್ಪಿಸಿಕೊಂಡು ಇಂಗ್ಲಿಷರ ಆಶ್ರಯಕ್ಕೆ ಓಡುತ್ತಾಳೆ, ಹಸುಗೂಸು ಹಿಂದೆ ಉಳಿದುಬಿಡುತ್ತದೆ, ಆ ಕೂಸನ್ನು ಸೋದರಮಾವನೇ ಕೊಲ್ಲುತ್ತಾನೆ. ಇಂಗ್ಲಿಷರ ದಂಡು ಬರಲು ಬಾಗಿಲು ತೆರೆದದ್ದು ಈ ಮನೆಯೊಳಗಿಂದ. ಅದಕ್ಕಿಂತ ಆಳದ ಗಾಯ ಕುಂಟ ಬಸವನದು. ನಾಯಿಗಳ ಚಾಕರಿ ಮಾಡಿಕೊಂಡು ಬೆಳೆದು ಮಂತ್ರಿಯಾದವನು, ದೊರೆಯ ನೆರಳು, ದೊರೆಯ ಪಾಪಗಳಿಗೆಲ್ಲ ಜೊತೆಗಾರ. ಅವನು ದೊರೆಯ ತಂದೆಗೇ ಹುಟ್ಟಿದವನು ಎಂಬ ಸತ್ಯ ರಾಜ್ಯ ಕೈತಪ್ಪುವ ಹೊತ್ತಿಗೆ ಹೊರಬರುತ್ತದೆ. ಅವನನ್ನೂ ದೊರೆ ಕೊಲ್ಲುತ್ತಾನೆ. ಯುದ್ಧ ಎನ್ನುವಂಥ ಯುದ್ಧ ಆ ಪುಸ್ತಕದಲ್ಲಿ ಹೆಚ್ಚಿಲ್ಲ. ಕಂಪನಿಯ ದಂಡು ಮಡಿಕೇರಿ ಮುಟ್ಟುವ ಮೊದಲೇ ಆ ಮನೆ ಬಿದ್ದುಹೋಗಿತ್ತು ಎನ್ನುವುದನ್ನು ಮಾಸ್ತಿಯವರು ದನಿ ಎತ್ತರಿಸದೆ, ನಮ್ಮ ಹಳ್ಳಿಯ ಹಿರಿಯರು ಜಗುಲಿಯ ಮೇಲೆ ಕೂತು ಹೇಳುವ ಹಾಗೆ ಹೇಳುತ್ತಾರೆ.

ಟಾಲ್‌ಸ್ಟಾಯ್‌ರ ಯುದ್ಧ ಮತ್ತು ಶಾಂತಿಯಲ್ಲಿ ನನಗೆ ಮರೆಯಲಾಗದ್ದು ಬಂಡಿಗಳ ದೃಶ್ಯ. 1812, ನೆಪೋಲಿಯನ್ ಸೈನ್ಯ ಮಾಸ್ಕೋ ಹತ್ತಿರ ಬಂದಿದೆ. ರೊಸ್ತೋವ್ ಮನೆಯವರು ಸಾಮಾನು ಕಟ್ಟಿ ಬಂಡಿಗಳಿಗೆ ಹೇರಿದ್ದಾರೆ. ಅಂಗಳದ ತುಂಬ ಗಾಯಗೊಂಡ ಸೈನಿಕರು, ನಮ್ಮನ್ನೂ ಕರೆದುಕೊಂಡು ಹೋಗಿ ಎಂದು ಬೇಡುತ್ತಿದ್ದಾರೆ. ಮಕ್ಕಳ ಪಾಲಿನ ಆಸ್ತಿಯನ್ನು ಬಿಟ್ಟು ಹೋಗುವುದು ಹೇಗೆ ಎಂದು ತಾಯಿಯ ಸಂಕಟ, ಹೆಂಡತಿಯ ಮುಂದೆ ಬಾಯಿ ಬಾರದ ತಂದೆ. ಅದೇ ಹೊತ್ತಿಗೆ ಸೈನ್ಯದಲ್ಲಿರುವ ಅಳಿಯ ಬಂದು, ಒಂದು ಬೀರು ಸೋವಿಯಲ್ಲಿ ಸಿಕ್ಕಿದೆ, ಸಾಗಿಸಲು ಆಳುಗಳನ್ನು ಕೊಡಿ ಎನ್ನುತ್ತಾನೆ. ಮಗಳು ನತಾಶಾ ಉರಿದುಬೀಳುತ್ತಾಳೆ. ಇದು ಹೇಸಿಗೆ ಎಂದು ತಾಯಿಯ ಮುಖಕ್ಕೇ ಹೇಳುತ್ತಾಳೆ. ಸಾಮಾನು ಇಳಿಯುತ್ತದೆ, ಗಾಯಾಳುಗಳು ಏರುತ್ತಾರೆ. ಮೊಟ್ಟೆ ಕೋಳಿಗೆ ಬುದ್ಧಿ ಹೇಳಿತು ಎಂದು ಅಪ್ಪ ಕಣ್ಣೀರು ತುಂಬಿಕೊಂಡು ಮಗಳನ್ನು ತಬ್ಬುತ್ತಾನೆ. ಮುಂದೆ ಆ ಮನೆಯ ಕಿರಿಮಗ ಪೆತ್ಯಾ ಸಾಯುತ್ತಾನೆ. ಹಟ ಮಾಡಿ ಸೈನ್ಯಕ್ಕೆ ಹೋದವನು, ಹದಿನಾರೂ ತುಂಬಿದ್ದಿಲ್ಲ. ತಾಯಿ ಒಂದು ತಿಂಗಳು ಕೋಣೆಯಿಂದ ಹೊರಬರುವುದಿಲ್ಲ, ಬಂದಾಗ ಮುದುಕಿಯಾಗಿರುತ್ತಾಳೆ. ಆದರೆ ಅದರಲ್ಲಿ ಮೂರು ವಾರ ನತಾಶಾ ಬಿಡದೆ ಅವಳ ಪಕ್ಕ ಇರುತ್ತಾಳೆ. ಅಂಗಳದಲ್ಲಿ ಗಟ್ಟಿಯಾಗಿ ಜಗಳವಾಡಿದ್ದರಲ್ಲ, ಅವರಿಗೆ ಒಟ್ಟಿಗೆ ಅಳಲು ಬಂತು. ನಮ್ಮ ಮನೆಯಲ್ಲಿ ಜಗಳವೂ ಆಗಲಿಲ್ಲ, ಅಳುವುದಕ್ಕೂ ಆಗಲಿಲ್ಲ.

ಅಪ್ಪನ ವಿಷಯ ಇನ್ನೊಂದಿದೆ. ಜುಲೈ ಮೊದಲ ವಾರ, ಟೈಗರ್ ಹಿಲ್ ಸುದ್ದಿ ಬಂದ ಮಾರನೇ ದಿನವೋ ಏನೋ, ಶಾಲೆಗೆ ಹೊರಟಿದ್ದ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಬಾ ಎಂದು ಬಸ್ಸು ಹತ್ತಿಸಿದರು. ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಅಲ್ಲಿಂದ ವಿದುರಾಶ್ವತ್ಥ. ಉತ್ತರ ಪಿನಾಕಿನಿ ಅಲ್ಲಿ ಹೆಸರಿಗೆ ಮಾತ್ರ ಹೊಳೆ, ಬರೀ ಮರಳು. ವಿದುರ ನೆಟ್ಟದ್ದು ಎಂದು ಜನ ನಂಬಿದ ಹಳೇ ಅರಳಿಮರ ಆಗಿನ್ನೂ ನಿಂತಿತ್ತು. ಎರಡು ವರ್ಷಕ್ಕೆ, 2001ರಲ್ಲಿ, ಉರುಳಿತು. ಸುತ್ತ ಸಾವಿರಾರು ನಾಗರಕಲ್ಲು. ಮಕ್ಕಳಿಗಾಗಿ ಹರಕೆ ಹೊತ್ತವರು ನಿಲ್ಲಿಸಿದ್ದು, ಅರಿಶಿನ ಕುಂಕುಮ ಮೆತ್ತಿ ಮುಖ ಕಾಣದ ಕಲ್ಲುಗಳು. ಅಪ್ಪ ಬಹಳ ಹೊತ್ತು ಮರದ ಸುತ್ತ ನಡೆದರು. ಮಗ ಕ್ಷೇಮವಾಗಿ ಬಂದರೆ ಕಲ್ಲು ನಿಲ್ಲಿಸುತ್ತೇನೆ ಎಂದು ಹರಕೆ ಹೊತ್ತರು. ಬರುವಾಗ ಬಸ್ಸಿನಲ್ಲಿ ಕಡ್ಲೆಕಾಯಿ ಕೊಡಿಸಿ, "ನಿಮ್ಮಮ್ಮನಿಗೆ ಹೇಳಬೇಡ" ಅಂದರು. ನಾನು ಹೇಳಲಿಲ್ಲ.

ವಿದುರನ ಬಗ್ಗೆ ಆಗ ನನಗೆ ಏನೂ ಗೊತ್ತಿರಲಿಲ್ಲ. ತುಂಬಿದ ಸಭೆಯಲ್ಲಿ ಅವಮಾನ ಮಾಡಿದ ದುರ್ಯೋಧನನ ಮುಂದೆ ಬಿಲ್ಲು ಮುರಿದು ಎಸೆದು, ಈ ಯುದ್ಧ ನನ್ನದಲ್ಲ ಎಂದವನು ಅವನು. ಬೇಡ ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಇದ್ದದ್ದು ಅವನಿಗೊಬ್ಬನಿಗೆ. ಆದರೂ ಕೈ ತೊಳೆದುಕೊಂಡ ನೆಮ್ಮದಿ ಅವನಿಗೆ ಸಿಗಲಿಲ್ಲ. ನಮ್ಮ ಜನ ಅವನನ್ನು ಇಷ್ಟು ದೂರ, ನೀರಿಲ್ಲದ ಈ ಹೊಳೆಯ ದಂಡೆಗೆ ನಡೆಸಿಕೊಂಡು ಬಂದು ಒಂದು ಸಸಿ ನೆಡಿಸಿದರು. ಅದೇ ಊರಿನಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಿಡಿದ ಬರಿಗೈ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಈಗ ಅಲ್ಲಿ ವೀರಸೌಧವಿದೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಸತ್ತವರ ಜೊತೆ ಅವರ ಮನೆಗಳ ನೆನಪೂ ಆಗುತ್ತದೆ. ಬೆಳಿಗ್ಗೆ ಹೋಗಿಬರ್ತೀನಿ ಎಂದು ಹೇಳಿ ಹೊರಟವರೆಷ್ಟು, ಹೇಳದೆ ಹೊರಟವರೆಷ್ಟು.

ಅಣ್ಣ ಹದಿನೇಳು ವರ್ಷ ಸರ್ವೀಸು ಮುಗಿಸಿ 2013ರಲ್ಲಿ ಊರಿಗೆ ಬಂದ. ಈಗ ಟೊಮೆಟೊ ಬೆಳೆಯುತ್ತಾನೆ. ವಿದುರಾಶ್ವತ್ಥದಲ್ಲಿ ಅಪ್ಪನ ಹರಕೆಯ ಕಲ್ಲು ನಿಂತದ್ದು ಯಾವಾಗ ಎಂದು ಕೇಳಬೇಡಿ. ಹರಕೆಯ ವಿಷಯ ಗೊತ್ತಿದ್ದವಳು ನಾನೊಬ್ಬಳೇ, ಅಪ್ಪ ಹೋದ ಎಷ್ಟೋ ವರ್ಷಕ್ಕೆ ನಾನೇ ಹೋಗಿ ನಿಲ್ಲಿಸಿ ಬಂದೆ.

ಎರಡು ವರ್ಷದ ಹಿಂದೆ ಶಿವರಾತ್ರಿಗೆ ಅಮ್ಮ ಆವಣಿಗೆ ಹೋಗಬೇಕು ಎಂದಳು. ಮುಳಬಾಗಿಲು ತಾಲೂಕಿನ ಆವಣಿ. ದನಗಳ ಜಾತ್ರೆಗೆ ಹೆಸರಾದ ಊರು. ವಾಲ್ಮೀಕಿ ಆಶ್ರಮ ಅಲ್ಲೇ ಇತ್ತು, ಸೀತೆ ಹೆತ್ತದ್ದು ಅಲ್ಲೇ, ಲವಕುಶರು ಅಪ್ಪನ ಕುದುರೆ ಕಟ್ಟಿಹಾಕಿ ಕಾಳಗ ಕೊಟ್ಟದ್ದೂ ಅಲ್ಲೇ ಎಂದು ನಂಬಿಕೆ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಈ ಕಾಳಗ ಇಲ್ಲ. ಅಲ್ಲಿ ಮಕ್ಕಳು ಅಪ್ಪನ ಯಜ್ಞಕ್ಕೆ ಹೋಗಿ ಅಪ್ಪನ ಕಥೆಯನ್ನೇ ಹಾಡುತ್ತಾರೆ. ಕನ್ನಡದವರಿಗೆ ಲಕ್ಷ್ಮೀಶನ ಜೈಮಿನಿ ಭಾರತದ ಲವಕುಶರೇ ಹತ್ತಿರ, ಬಿಲ್ಲು ಹಿಡಿದವರು. ಹಾಡಿ ಮುಗಿಸಿದರೆ ಸಾಲದು, ಹೆಂಡತಿಯನ್ನು ಕಾಡಿಗೆ ಅಟ್ಟಿದವನ ಎದುರು ಅವನ ಮಕ್ಕಳೇ ನಿಂತು ಹೊಡೆಯಬೇಕು ಎಂದು ಜನರಿಗೆ ಅನ್ನಿಸಿರಬೇಕು. ಅದೇ ಜೈಮಿನಿಯಲ್ಲಿ ಬಭ್ರುವಾಹನನ ಕಥೆಯೂ ಇದೆ. ಕಾಣಿಕೆ ಹಿಡಿದು ಅಪ್ಪನನ್ನು ಎದುರುಗೊಳ್ಳಲು ಬಂದ ಮಗನನ್ನು, ಕಾದದೆ ತಲೆಬಾಗಿದೆಯಲ್ಲ ಎಂದು ಅರ್ಜುನ ಹೀನಾಯವಾಗಿ ಬೈಯುತ್ತಾನೆ. ಮಗ ಬಿಲ್ಲೆತ್ತುತ್ತಾನೆ, ಅಪ್ಪ ಸಾಯುತ್ತಾನೆ. ಸಂಜೀವಕ ಮಣಿ ತಂದು ಬದುಕಿಸುವುದು ಆಮೇಲಿನ ಮಾತು.

ಆವಣಿಯಲ್ಲಿ ಕೆಳಗೆ ನೊಳಂಬರ ಕಾಲದ ಗುಡಿಗಳ ಒಂದು ಗುಂಪು. ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ. ಮಕ್ಕಳ ಮೇಲೆ ಕೈಯೆತ್ತಿದ ಪಾಪ ಕಳೆಯಲು ಅಣ್ಣತಮ್ಮಂದಿರು ಸ್ಥಾಪಿಸಿದ ಲಿಂಗಗಳು ಎನ್ನುತ್ತಾರೆ. ಗಂಡಸರೆಲ್ಲ ಕೆಳಗೆ, ಒಂದೇ ಪ್ರಾಕಾರದೊಳಗೆ. ಸೀತಮ್ಮನ ಗುಡಿ ಬೆಟ್ಟದ ಮೇಲೆ, ಬಂಡೆ ಹತ್ತಿ ಹೋಗಬೇಕು. ಅಮ್ಮನಿಗೆ ಎಪ್ಪತ್ತರ ಹತ್ತಿರ, ಮಂಡಿ ನೋವು. ಕೆಳಗೇ ಕೈಮುಗಿ ಎಂದರೂ ಕೇಳಲಿಲ್ಲ. ಅರ್ಧ ದಾರಿಯಲ್ಲಿ ಕೂತು ಕೆಳಗಿನ ಗೋಪುರಗಳನ್ನು ನೋಡುತ್ತಾ, "ಅವ್ಳು ಕೆಳಕ್ಕೆ ಇಳೀಲೇ ಇಲ್ಲ ನೋಡು" ಅಂದಳು. ಸೀತೆಯ ಬಗ್ಗೆ ಹೇಳಿದಳು ಎಂದುಕೊಂಡೆ. ಅವಳ ಮುಖ ನೋಡಿದ ಮೇಲೆ ಏನನ್ನೂ ಅಂದುಕೊಳ್ಳಲಾಗಲಿಲ್ಲ. ಎದ್ದು, ಮೊಮ್ಮಗಳ ಕೈ ಹಿಡಿದು ಮುಂದೆ ಹೋದಳು.

ನಾನೂ ಅಣ್ಣನೂ ಹಿಂದೆ ಉಳಿದೆವು. ಅಣ್ಣ ಬಂಡೆಗೆ ಒರಗಿ ಕೂತ. ಅವನು ಮಾತಿನವನಲ್ಲ. ಆವತ್ತು ಯಾಕೆ ಹೇಳಿದನೋ.

"ಆ ಕಾಗದ ಪೋಸ್ಟ್‌ಮ್ಯಾನ್ ಕೊಟ್ಟಿದ್ದು ನನ್ ಕೈಗೇ. ಕೆರೆ ಕಟ್ಟೆ ಮೇಲೆ ಸಿಕ್ಕಿದ್ರು. ಅಲ್ಲೇ ಒಡೆದು ಓದ್ದೆ. ಮನೇಗೆ ತಂದು ಅಪ್ಪನ ಅಂಗಿ ಜೇಬಲ್ಲಿಟ್ಟೆ."

ನನಗೆ ಮಾತು ಹೊರಡಲಿಲ್ಲ.

"ಹೋಗು ಅಂದ್ರೆ ಹೋಗೋಣ ಅಂತ. ಹತ್ತು ದಿನ ಕಾದೆ. ಏನೂ ಅನ್ಲಿಲ್ಲ. ಸಾಲದೋರು ದಿನಾ ಬಂದು ಜಗಲಿ ಮೇಲೆ ಕೂತ್ಕೊಳ್ತಿದ್ರು, ನಿಂಗೆ ನೆನಪೈತಾ? ಹನ್ನೊಂದನೇ ದಿನ ನಾನೇ ಅಂದೆ, ಮಿಲಿಟ್ರಿಗೆ ಆಳು ತಗೊಳ್ತವ್ರಂತೆ ಅಂತ. ಅಪ್ಪ ಸರಿ ಅಂದ್ರು."

"ನೀನು ಓದಿದ್ದು ಅಪ್ಪನಿಗೆ ಗೊತ್ತಿರಲಿಲ್ಲ" ಎಂದೆ ನಾನು.

"ಗೊತ್ತಿತ್ತು. ಕವರ್ ಒಡೆದಿತ್ತಲ್ಲ."

ಕೆಳಗೆ ಜಾತ್ರೆಯಲ್ಲಿ ದನಗಳ ಕೊರಳಗಂಟೆ ಕೇಳಿಸುತ್ತಿತ್ತು. ಯಾರೋ ಮೈಕಿನಲ್ಲಿ ಕಳೆದುಹೋದ ಮಗುವಿನ ಬಟ್ಟೆಯ ಬಣ್ಣ ಹೇಳುತ್ತಿದ್ದರು. ಅಪ್ಪನಿಗೆ ಮಗ ಓದಿದ್ದಾನೆ ಎಂದು ಗೊತ್ತು. ಮಗನಿಗೆ ಅಪ್ಪ ಓದಿದ್ದಾರೆ ಎಂದು ಗೊತ್ತು. ಇಬ್ಬರೂ ಇನ್ನೊಬ್ಬರು ಬಾಯಿಬಿಡಲಿ ಎಂದು ಕಾದರು. ಅಪ್ಪ ಕೊನೆಯ ತನಕ ಈ ಮಾತನ್ನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಹತ್ತು ವರ್ಷದ ಮೌನದಲ್ಲಿ ಅರ್ಧವಾದರೂ ಕಡಿಮೆಯಾಗುತ್ತಿತ್ತು. ನಿನ್ನ ಮಗನಿಗೂ ಗೊತ್ತಿತ್ತು ಕಣೇ ಎಂದು ಒಂದೇ ಒಂದು ಸಲ. ಹೇಳದೆ, ತಪ್ಪನ್ನು ಪೂರ್ತಿ ತನ್ನ ತಲೆಗೇ ಕಟ್ಟಿಕೊಂಡು ಹೋದರು. ಅಣ್ಣ ಮೂರನೇ ದಿನದ ಹಾಲುತುಪ್ಪಕ್ಕೆ ರಾಜಸ್ಥಾನಕ್ಕಿಂತಲೂ ದೂರದ ಯಾವುದೋ ಪೋಸ್ಟಿನಿಂದ ಬಂದಿದ್ದ. ಅಪ್ಪನ ಹಳೆ ಅಂಗಿಗಳನ್ನು ಅವನೇ ಮಡಿಸಿದ. ಪ್ರತಿ ಜೇಬಿಗೂ ಕೈ ಹಾಕಿ ನೋಡುತ್ತಿದ್ದ. ದುಡ್ಡು ಇದೆಯೇನೋ ಎಂದು ನೋಡುತ್ತಿದ್ದಾನೆ ಎಂದುಕೊಂಡಿದ್ದೆ.

"ಅಮ್ಮನಿಗೆ ಹೇಳಬೇಡ" ಎಂದ ಅಣ್ಣ, ಬಂಡೆ ಇಳಿಯುವಾಗ.

ಆ ಹುಡುಗಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅವಳು ಪರೀಕ್ಷೆ ಬರೆದು ಪಾಸಾಗಿ ಹೋದಳು.

ಇದನ್ನು ಮೂರು ರಾತ್ರಿ ಕೂತು ಬರೆದೆ. ಅಮ್ಮ ಈಗ ನನ್ನ ಮನೆಯಲ್ಲೇ ಇದ್ದಾಳೆ. ನಿನ್ನೆ ಸಂಜೆ ಕಾಳು ಆರಿಸುತ್ತಾ ಕೂತವಳು, ಅಷ್ಟೊತ್ತಿಂದ ಏನು ಬರೀತಿದ್ದೀಯ, ಓದು ಎಂದಳು. ಓದಿದೆ. ರನ್ನನ ಭಾಗಕ್ಕೆ ತಲೆದೂಗಿದಳು. ಬೋರಿನ ಧೂಳು ಬಂದಾಗ, ಹೌದು, ಹುಣಸೆಮರ ಬೆಳ್ಳಗಾಗಿತ್ತು ಎಂದಳು. ಹುಳದ ಭಾಗಕ್ಕೆ ಏನೂ ಹೇಳಲಿಲ್ಲ, ಕೈ ಮಾತ್ರ ಮೊರದ ಮೇಲೆ ನಿಂತಿತು. ಬಸ್ಸು, ವಿದುರಾಶ್ವತ್ಥ, ಮರದ ಸುತ್ತ ನಡೆದ ಅಪ್ಪ, ಕಡ್ಲೆಕಾಯಿ. ಇಪ್ಪತ್ತೈದು ವರ್ಷಕ್ಕೂ ಮೇಲೆ ಇಟ್ಟುಕೊಂಡಿದ್ದ ಆ ಮಾತು ಅಲ್ಲಿ ಕೋಣೆಯೊಳಗೆ ಬಿತ್ತು. ಅಮ್ಮ ಮೊರವನ್ನು ಪಕ್ಕಕ್ಕಿಟ್ಟಳು. "ಕಲ್ಲು ನಿಲ್ಲಿಸಿದ್ರಾ?" ಎಂದು ಕೇಳಿದಳು. ನಾನು ನಿಲ್ಲಿಸಿದೆ ಎಂದೆ. ಬಹಳ ಹೊತ್ತು ಸುಮ್ಮನಿದ್ದಳು. ನಾನು ಮುಂದಕ್ಕೆ ಓದಿದೆ. ಆವಣಿ ಬೆಟ್ಟ, ಬಂಡೆ, ಒರಗಿ ಕೂತ ಅಣ್ಣ. ಅಲ್ಲಿಗೆ ಬಂದು ದನಿ ನಿಂತುಹೋಯಿತು.

"ಯಾಕೆ ನಿಲ್ಲಿಸಿದೆ," ಎಂದಳು ಅಮ್ಮ. "ಓದು."